ಪ್ಲಾಸ್ಟಿಕ್ ಚೂರು, ಮಾತ್ರೆ ಮತ್ತು ನಮ್ಮ ಬಂಗಡೆ

ಇವತ್ತು ಕಾರವಾರ, ಅಂಕೋಲಾ ಕಡೆಯ ಮೀನಿನ ವಿಷಯ. ನಾನು ಓದಿದ್ದು ಬಿ.ಕಾಂ, ಹಾಗಾಗಿ ಲೆಕ್ಕದ ಭಾಷೆಯಲ್ಲೇ ಶುರು ಮಾಡ್ತೀನಿ. ಸಮುದ್ರದ ಮಾಲಿನ್ಯ ಅಂದ್ರೆ ನಾವು ಪ್ಲಾಸ್ಟಿಕ್ಕಿಗೆ ಒಂದು ಖಾತೆ, ಔಷಧಿಗೆ ಇನ್ನೊಂದು ಖಾತೆ ಬರೀತೀವಿ. ಆದ್ರೆ ನೀರಲ್ಲಿ ಇವೆರಡೂ ಒಂದಕ್ಕೊಂದು ಅಂಟಿಕೊಳ್ತವೆ.

ಮೊದಲು ಪ್ಲಾಸ್ಟಿಕ್. 5 ಮಿಲಿಮೀಟರ್‌ಗಿಂತ ಸಣ್ಣ ಚೂರಿಗೆ ಮೈಕ್ರೋಪ್ಲಾಸ್ಟಿಕ್ ಅಂತಾರೆ. ಹರಿದ ನೈಲಾನ್ ಬಲೆ, ಮೀನು ತುಂಬೋ ಥರ್ಮಾಕೋಲ್ ಪೆಟ್ಟಿಗೆ ಬಿಸಿಲಿಗೆ, ಅಲೆಗೆ ಸಿಕ್ಕಿ ಪುಡಿಯಾಗ್ತವೆ. ಪಾಲಿಯೆಸ್ಟರ್ ಬಟ್ಟೆ ಒಗೆದ ನೀರಲ್ಲೂ ಇದರ ಎಳೆಗಳಿರ್ತವೆ.

ಈಗ ಆಂಟಿಬಯಾಟಿಕ್. ನುಂಗಿದ ಮಾತ್ರೆಯ ಒಂದು ಪಾಲು ಮೂತ್ರ, ಮಲದ ಜೊತೆ ಹಾಗೇ ಹೊರಗೆ ಹೋಗುತ್ತೆ. ಚರಂಡಿ ನೀರಿನ ಶುದ್ಧೀಕರಣ ಘಟಕಗಳು ಇದನ್ನ ಪೂರ್ತಿ ತೆಗೆಯೋದಿಲ್ಲ. ಅಂಕೋಲಾದಲ್ಲಿ ಸಮುದ್ರ ಸೇರೋ ಗಂಗಾವಳಿ, ಬೇಡ್ತಿ ಅನ್ನೋ ಹೆಸರಲ್ಲಿ ಹುಬ್ಬಳ್ಳಿ–ಧಾರವಾಡ ಕಡೆಯಿಂದ ಇಳಿದು ಬರುತ್ತೆ. ಕಾರವಾರದ ಕಾಳಿ ದಾಂಡೇಲಿ ಹಾದು ಬರುತ್ತೆ. ಅಂದ್ರೆ ಘಟ್ಟದ ಮೇಲಿನ ಚರಂಡಿಗೂ ಅಳಿವೆಯ ಮೀನಿಗೂ ನಂಟಿದೆ.

ಎರಡೂ ಸೇರಿದ್ರೆ ಏನಾಗುತ್ತೆ? ಹಳೇ ಪ್ಲಾಸ್ಟಿಕ್ ಒರಟಾಗಿ, ಬಿರುಕು ಬಿಟ್ಟಿರುತ್ತೆ. ಟೆಟ್ರಾಸೈಕ್ಲಿನ್, ಸಿಪ್ರೋಫ್ಲಾಕ್ಸಾಸಿನ್‌ನಂಥ ಔಷಧಿ ಅದಕ್ಕೆ ಅಂಟುತ್ತೆ. ಅದೇ ಚೂರಿನ ಮೇಲೆ ಬ್ಯಾಕ್ಟೀರಿಯಾಗಳೂ ಲೋಳೆಯಾಗಿ ನೆಲೆಸ್ತವೆ. ವಿಜ್ಞಾನಿಗಳು 2013ರಲ್ಲಿ ಈ ಪುಟ್ಟ ಲೋಕಕ್ಕೆ 'ಪ್ಲಾಸ್ಟಿಸ್ಫಿಯರ್' ಅಂತ ಹೆಸರಿಟ್ರು. ಔಷಧಿ ಇದ್ದ ಕಡೆ ಅದನ್ನ ತಡಕೊಳ್ಳೋ ಬ್ಯಾಕ್ಟೀರಿಯಾನೇ ಉಳಿಯುತ್ತೆ. ಒತ್ತೊತ್ತಾಗಿ ಇರೋದ್ರಿಂದ ಆ ಶಕ್ತಿಯ ಜೀನ್ ಪಕ್ಕದವಕ್ಕೂ ದಾಟುತ್ತೆ. ಈ ಚೂರನ್ನ ಮೀನು ಆಹಾರ ಅಂತ ನುಂಗುತ್ತೆ.

ಲ್ಯಾಬ್ ಪ್ರಯೋಗಗಳಲ್ಲಿ ಇವೆರಡನ್ನೂ ಸೇರಿಸಿ ಕೊಟ್ಟಾಗ ಮೀನಿನ ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ಏರುಪೇರಾಗಿದೆ, ಕರುಳಲ್ಲಿ ಉರಿಯೂತ ಕಂಡಿದೆ. ಆದ್ರೆ ಫಲಿತಾಂಶ ಎಲ್ಲ ಕಡೆ ಒಂದೇ ಇಲ್ಲ. ಕೆಲವೊಮ್ಮೆ ಪ್ಲಾಸ್ಟಿಕ್ ಔಷಧಿಯನ್ನ ಗಟ್ಟಿಯಾಗಿ ಹಿಡಿದು ಅದರ ಪರಿಣಾಮ ತಗ್ಗಿಸಿದ್ದೂ ಇದೆ. ಉಪ್ಪುನೀರಲ್ಲಿ ಅಂಟೋದೂ ಸಾಮಾನ್ಯವಾಗಿ ಕಡಿಮೆ. ಪ್ರಯೋಗದ ಪ್ರಮಾಣ ಎಷ್ಟೋ ಸಲ ಸಮುದ್ರದಲ್ಲಿರೋದಕ್ಕಿಂತ ಜಾಸ್ತಿ.

ಹಾಗಾದ್ರೆ ಬಂಗಡೆ ಬಿಡ್ಬೇಕಾ? ಬೇಡ. ಬಂಗಡೆಯ ಕರುಳು ತೆಗೆದೇ ಸಾರು ಮಾಡ್ತೀವಿ, ಹೆಚ್ಚಿನ ಚೂರು ಅಲ್ಲೇ ಹೋಗುತ್ತೆ. ಇಡಿಯಾಗಿ ತಿನ್ನೋ ಸಣ್ಣ ಒಣಮೀನು, ಬಳಚಿನ ವಿಷಯ ಸ್ವಲ್ಪ ಬೇರೆ, ಅದರ ಹೊಟ್ಟೆಯೂ ನಮ್ಮ ಹೊಟ್ಟೆಗೇ ಬರುತ್ತೆ.

ದೊಡ್ಡ ಚಿಂತೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದ್ದು. ಬಲೆ ಎಳೆಯುವಾಗ, ಮೀನು ಹೆಚ್ಚುವಾಗ ಕೈಗೆ ಗಾಯ ಆಗೋದು ಇಲ್ಲಿ ದಿನನಿತ್ಯದ ಮಾತು. ಆ ಗಾಯ ಕೀವಾದಾಗ ಮಾತ್ರೆ ಕೆಲಸ ಮಾಡದಿದ್ರೆ? ದುಡಿಯೋ ಕೈಯೇ ನಿಂತುಹೋಗುತ್ತೆ.

ಸೀಗಡಿ ಸಾಕಣೆಯಲ್ಲಿ ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್‌ನಂಥ ಔಷಧಿಗೆ ದೇಶದಲ್ಲಿ ನಿಷೇಧ ಇದೆ. ಮನೆಯ ಮಾತ್ರೆಗೆ ಮಾತ್ರ ಕಾವಲು ನಾವೇ. ನೆಗಡಿ ಬರೋದು ವೈರಸ್‌ನಿಂದ, ಅದಕ್ಕೆ ಆಂಟಿಬಯಾಟಿಕ್ ನಾಟೋದಿಲ್ಲ. ಡಾಕ್ಟರ್ ಚೀಟಿ ಇಲ್ಲದೆ ತಗೋಬೇಡಿ. ಉಳಿದ ಮಾತ್ರೆ ಸಿಂಕಿಗೆ, ಕಮೋಡಿಗೆ ಹಾಕಬೇಡಿ. ಹರಿದ ಬಲೆ ದಡಕ್ಕೆ ತನ್ನಿ, ನೀರಿಗೆ ಬಿಡಬೇಡಿ.

ಹುಬ್ಬಳ್ಳಿ, ಧಾರವಾಡ, ದಾಂಡೇಲಿಯಲ್ಲಿ ಗೆಳೆಯರಿದ್ರೆ ಈ ಎಪಿಸೋಡ್ ಅವರಿಗೂ ಕಳಿಸಿ. ಅವರ ಊರಿನ ನೀರೇ ಇಳಿದು ನಮ್ಮ ಅಳಿವೆಗೆ ಬರೋದು. ಮತ್ತೆ ಸಿಗೋಣ.