ಸಾಲು ಹೊರಡುವ ಮುನ್ನ

ದೂರದ ದಾರಿಯನ್ನು ಕೂಡಿ ನಡೆಯುವ ವರ್ತಕರ ಗುಂಪಿಗೆ 'ಸಾರ್ಥ' ಎಂಬ ಹಳೆಯ ಹೆಸರಿದೆ. ಅದನ್ನು ನಡೆಸುವವನು ಸಾರ್ಥವಾಹ. ಅಯ್ಯಾವೊಳೆಯ ಐನೂರ್ವರು ನಾಡುನಾಡುಗಳನ್ನು ಸುತ್ತಿದ ಹೆಮ್ಮೆಯನ್ನು ನಮ್ಮ ಶಾಸನಗಳು ಬಿರುದುಗಳ ಸುರಿಮಳೆಯೊಡನೆ ಸಾರುತ್ತವೆ. ಆದರೆ ಅಂಥದೊಂದು ಸಾಲು ಊರು ಬಿಡುವ ಮುನ್ನ ಏನೇನು ಸಿದ್ಧತೆ ನಡೆಯುತ್ತದೆಂಬುದನ್ನು ನಾನು ಕಲಿತದ್ದು ಶಾಸನಗಳಿಂದಲ್ಲ. ಗದಗ ಸೀಮೆಯ ನಮ್ಮ ಹಳ್ಳಿಯಿಂದ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಡುತ್ತಿದ್ದ ಚಕ್ಕಡಿಗಳಿಂದ.

ಬನದ ಹುಣ್ಣಿಮೆ ಪುಷ್ಯಮಾಸದಲ್ಲಿ ಬರುತ್ತದೆ. ಈ ಪ್ರಯಾಣಕ್ಕೆ ಚಳಿಗಾಲವೇ ಏಕೆ ಒದಗಿಬಂತು ಎಂಬುದಕ್ಕೆ ಭಕ್ತಿಯಲ್ಲದೆ ಮಣ್ಣಿನಲ್ಲಿಯೂ ಕಾರಣವಿದೆ. ನಮ್ಮದು ಎರೆಭೂಮಿ. ಮಳೆ ಬಿದ್ದರೆ ಗಾಲಿ ಗುಂಬದವರೆಗೂ ಹೂತುಹೋಗುತ್ತದೆ. ದಾರಿಯಲ್ಲಿ ಅಡ್ಡಬರುವ ಬೆಣ್ಣೆಹಳ್ಳ ಮಳೆಗಾಲದಲ್ಲಿ ಉಕ್ಕಿ ಹರಿದರೆ ಯಾರನ್ನೂ ದಾಟಗೊಡುವುದಿಲ್ಲ. ಪುಷ್ಯದ ಹೊತ್ತಿಗೆ ನೆಲ ಗಟ್ಟಿಯಾಗಿರುತ್ತದೆ. ಮುಂಗಾರಿಯ ಕಾಳು ಮನೆ ಸೇರಿ, ಹಿಂಗಾರಿಯ ಜೋಳ ಹೊಲದಲ್ಲಿ ನಿಂತಿರುತ್ತದೆ. ರೈತನಿಗೂ ಎತ್ತಿಗೂ ನಾಲ್ಕು ದಿನ ಬಿಡುವು ದೊರೆಯುವುದು ಆಗಲೇ.

ಆದರೆ ನೆಲವನ್ನು ಗಟ್ಟಿಮಾಡುವ ಆ ಒಣಗಾಳಿಯೇ ಗಾಲಿಯನ್ನು ಸಡಿಲಿಸುತ್ತದೆ. ಕಟ್ಟಿಗೆ ಒಣಗಿ ಕುಗ್ಗಿದಾಗ ಅದರ ಸುತ್ತಲಿನ ಕಬ್ಬಿಣದ ಹಳಿ ಅಲುಗಾಡತೊಡಗುತ್ತದೆ. ಆದ್ದರಿಂದ ಜಾತ್ರೆಗೆ ಹದಿನೈದು ದಿನ ಮೊದಲೇ ಕಂಬಾರನ ಕುಲುಮೆಯ ಮುಂದೆ ಗಾಲಿಗಳು ಸಾಲುಗಟ್ಟುತ್ತಿದ್ದವು. ಹಳಿಯನ್ನು ಬಿಗಿ ಮಾಡಿ, ಕೆಂಪಗೆ ಕಾಯಿಸಿ, ಹಿಗ್ಗಿದಾಗ ಗಾಲಿಗೆ ತೊಡಿಸಿ, ಕೂಡಲೆ ನೀರೆರಚುತ್ತಿದ್ದರು. ತಣಿದ ಕಬ್ಬಿಣ ಕುಗ್ಗಿ ಕಟ್ಟಿಗೆಯನ್ನು ಅಪ್ಪಿ ಹಿಡಿಯುತ್ತಿತ್ತು. ಅಚ್ಚಿಗೆ ಕೀಲೆಣ್ಣೆ, ಗಾಲಿ ಅಚ್ಚಿನಿಂದ ಕಳಚದಂತೆ ಕೊನೆಯಲ್ಲಿ ಒಂದು ಕಡಾಣಿ. ಗೇಣುದ್ದವೂ ಇಲ್ಲದ ಈ ಮೊಳೆಯನ್ನೇ ನಂಬಿ ಇಡೀ ಬಂಡಿ ನಡೆಯುತ್ತದೆ. ನಮ್ಮ ವಚನಕಾರರಿಗೆ ಕಡೆಗೀಲು ದೃಷ್ಟಾಂತವಾಗಿ ಒದಗಿದ್ದು ಸುಮ್ಮನೆ ಅಲ್ಲ.

ಇನ್ನು ಎತ್ತು. ಅದರ ಗೊರಸು ಸೀಳಿದ್ದು. ಹೀಗಾಗಿ ಒಂದೊಂದು ಕಾಲಿಗೆ ಎರಡೆರಡು ನಾಲು, ಒಂದು ಜೋಡಿಗೆ 16. ಕಲ್ಲುದಾರಿಯಲ್ಲಿ ನಾಲಿಲ್ಲದ ಎತ್ತು ಎರಡನೆಯ ದಿನವೇ ಕುಂಟುತ್ತದೆ. ಮನುಷ್ಯರ ಬುತ್ತಿ ಒಂದು ಗಂಟಾದರೆ ಎತ್ತಿನ ಬುತ್ತಿ ಅರ್ಧ ಬಂಡಿ. ತಳಕ್ಕೆ ಕಣಿಕೆ, ಅದರ ಮೇಲೆ ಕೌದಿ, ಕೌದಿಯ ಮೇಲೆ ನಾವು. ಅವ್ವ ವಾರದ ಮೊದಲೇ ಬಡಿದು ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಹಿಂಡಿ ಮೂಲೆಯ ಬುಟ್ಟಿಯಲ್ಲಿ.

ಏಕಾದಶಿಯ ಸಂಜೆ ಹೊರಡುವುದು ರೂಢಿ. ಬೆಳೆಯುವ ಚಂದ್ರ ನಡುರಾತ್ರಿ ಮೀರುವವರೆಗೂ ಬೆಳಕು ಕೊಡುತ್ತಾನೆ. ಗಂಟೆಗೆ 3–4 ಕಿಲೋಮೀಟರಿನ ನಡಿಗೆ. ತಂಪು ಹೊತ್ತಿನಲ್ಲಿ ದಾರಿ, ಮಧ್ಯಾಹ್ನ ಕೊರಳು ಬಿಚ್ಚಿ ವಿಶ್ರಾಂತಿ. ಮೆಲುಕು ಹಾಕಲು ಬಿಡದ ಎತ್ತು ಬಹುದೂರ ಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು ಸಾಲಿನ ಕ್ರಮ. ನಮ್ಮ ಅಜ್ಜ ಎಲ್ಲಕ್ಕೂ ಮುಂದೆ ಹೂಡಿಸುತ್ತಿದ್ದುದು ಊರಿನ ಮುದಿ ಜೋಡಿಯನ್ನು. ಹುರುಪಿನ ಹೋರಿಗಳು ಹಿಂದೆ. "ಸಾಲಿನ ನಡಿಗಿ ಸೋತ ಎತ್ತಿನ ನಡಿಗಿ, ತಮ್ಮಾ" ಎನ್ನುತ್ತಿದ್ದ.

1969ರ ಬನದ ಹುಣ್ಣಿಮೆಗೆ ಎಂಟು ಚಕ್ಕಡಿಗಳು ಹೊರಟವು. ನನಗಾಗ ಹತ್ತು ವರ್ಷ. ನಿಂತಲ್ಲೆಲ್ಲ ಇಳಿದು ನಮ್ಮ ಬಂಡಿಯ ಕಡಾಣಿಗಳನ್ನು ಮುಟ್ಟಿನೋಡುವ ಕೆಲಸವನ್ನು ಅಜ್ಜ ನನಗೆ ಒಪ್ಪಿಸಿದ್ದ. ಎರಡನೆಯ ರಾತ್ರಿ ಚಳಿ ಕಡಿಯುತ್ತಿತ್ತು. ಕೌದಿಯೊಳಗಿನಿಂದಲೇ "ನೋಡೇನಿ" ಎಂದೆ. ನೋಡಿರಲಿಲ್ಲ. ಬೆಣ್ಣೆಹಳ್ಳದ ಇಳಿಜಾರಿನಲ್ಲಿ ಗಾಲಿ ಕಳಚಿ ಬಂಡಿ ಒರಗಿತು. ಎರಡು ಅರಗಳು ಮುರಿದಿದ್ದವು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಬೆಳಗಾದ ಮೇಲೆ ಹತ್ತಿರದ ಊರಿನಿಂದ ಬಡಿಗ ಬಂದು, ಹೊಸ ಅರ ಕೂಡಿಸಿ ಮುಗಿಸುವಾಗ ಸಂಜೆಯಾಗಿತ್ತು. ಮುಂದಿನ ಬಂಡಿಯಲ್ಲಿದ್ದ ಮುದುಕಿಯೊಬ್ಬಳು ಮಗನ ಕಾಯಿಲೆಗೆ ಹರಕೆ ಹೊತ್ತು, ಹುಣ್ಣಿಮೆಯ ನಸುಕಿನಲ್ಲಿ ಜೋಗುಳಭಾವಿಯಲ್ಲಿ ಮೀಯಬೇಕೆಂದು ಬಂದವಳು. ನಾವು ಗುಡ್ಡದ ಬುಡ ಮುಟ್ಟಿದಾಗ ಹುಣ್ಣಿಮೆಯ ಹಗಲು ಇಳಿಯುತ್ತಿತ್ತು. ಏಳು ಬಂಡಿಗಳಿಗೆ ಮುಂದೆ ನಡೆಯಲು ಯಾವ ಅಡ್ಡಿಯೂ ಇರಲಿಲ್ಲ. ಆದರೆ ಬಿಟ್ಟು ಹೋಗೋಣವೆಂಬ ಮಾತನ್ನು ಒಬ್ಬರೂ ಆಡಲಿಲ್ಲ. ಆ ಮುದುಕಿಯೇ ನನಗೆ ರೊಟ್ಟಿ ಮುರಿದು ಕೊಟ್ಟಳು. ಬೈದಿದ್ದರೆ ನಾನು ಇಷ್ಟು ಕಾಲ ನೆನಪಿಡುತ್ತಿರಲಿಲ್ಲವೇನೊ.

ಈಗಲೂ ಬನದ ಹುಣ್ಣಿಮೆಗೆ ಗುಡ್ಡಕ್ಕೆ ಚಕ್ಕಡಿಗಳು ಬರುತ್ತವೆ. ಟ್ರ್ಯಾಕ್ಟರು, ಮೋಟಾರುಗಳು ಹೆಚ್ಚು. ಮೂರು ದಿನದ ದಾರಿ ಮೂರು ತಾಸಿನೊಳಗೆ ಮುಗಿಯುತ್ತದೆ. ಇದನ್ನು ನಾನು ಹಳಿಯುವುದಿಲ್ಲ. ಎತ್ತಿನ ಬೆನ್ನಿಗೂ ಸುಖ ಬೇಕಲ್ಲವೆ? ಆದರೆ ಕೆಟ್ಟು ನಿಂತ ವಾಹನದ ಪಕ್ಕದಲ್ಲಿ ಉಳಿದವು ಹಾದುಹೋಗುವುದನ್ನು ಕಂಡಾಗ ಆ ಎಂಟು ಬಂಡಿಗಳು ನೆನಪಾಗುತ್ತವೆ. ತರಗತಿಯಲ್ಲಿ 'ಸಾರ್ಥ' ಎಂಬ ಪದ ಬಂದಾಗಲೆಲ್ಲ 'ವರ್ತಕರ ಗುಂಪು' ಎಂದು ಅರ್ಥ ಹೇಳಿ ಮುಂದೆ ಹೋಗುತ್ತಿದ್ದೆ. ಆ ಅರ್ಥ ಸಾಲದೆಂದು ಈಗ ಅನಿಸುತ್ತದೆ. ಒಬ್ಬನ ಕಡಾಣಿ ಬಿದ್ದರೆ ಎಲ್ಲರೂ ನಿಲ್ಲುವ ಗುಂಪಿಗೆ ಮಾತ್ರ ಆ ಹೆಸರು ಸಲ್ಲಬೇಕು.