ಕೊಲ್ಲಿಯಾಚೆ ಹೋದ ಚರ್ಚು

ಯೂನಿಯನ್ ಸಿಟಿಯ ಕನ್ನಡದ ಮನೆಗಳಲ್ಲಿ ಮಗು ನಾಲ್ಕನೇ ತರಗತಿಗೆ ಬಂದ ವರ್ಷ ಊಟದ ಮೇಜಿನ ಮೇಲೆ ಚರ್ಚೊಂದು ಎದ್ದು ನಿಲ್ಲುವುದುಂಟು. ರಟ್ಟಿನ ಗೋಡೆ, ಕೆಂಪು ಬಣ್ಣ ಬಳಿದ ಪಾಸ್ತಾದ ಹೆಂಚು. ಕ್ಯಾಲಿಫೋರ್ನಿಯಾದ ಇತಿಹಾಸ ಕಲಿಯುವ ಆ ತರಗತಿಯಲ್ಲಿ ಸ್ಪ್ಯಾನಿಷರ ಕಾಲದ ಮಿಷನ್‌ಗಳ ಮಾದರಿ ಮಾಡಿಸುವುದು ಇಲ್ಲಿನ ಹಳೆಯ ರೂಢಿ. ಆರು ತಿಂಗಳಿಗೆಂದು ಊರಿಂದ ಬಂದ ಅಜ್ಜ ಕತ್ತರಿ ಹಿಡಿದು ಕೂತರಂತೂ, ಅಸಲಿಯನ್ನೇ ಒಮ್ಮೆ ನೋಡಿಬರೋಣ ಎಂಬ ಮಾತು ಬಂದೇ ಬರುತ್ತದೆ. ದೂರವೇನಲ್ಲ. ಊರೊಳಗೇ ಹಾಯುವ ಮಿಷನ್ ಬುಲೆವಾರ್ಡ್ ಹಿಡಿದು ದಕ್ಷಿಣಕ್ಕೆ ಹೋದರೆ ಫ್ರೀಮಾಂಟ್‌ನಲ್ಲಿ ಮಿಷನ್ ಸ್ಯಾನ್ ಹೋಸೆ ಸಿಗುತ್ತದೆ.

ದಪ್ಪ ಗೋಡೆ, ಸುಣ್ಣದ ಬಿಳುಪು, ಕೆಂಪು ಹೆಂಚು. ನೋಡಿದವರು ಇನ್ನೂರು ವರ್ಷ ಹಳೆಯದೆಂದೇ ಭಾವಿಸುತ್ತಾರೆ. ಆದರೆ ಈ ಚರ್ಚು ಮುಗಿದದ್ದು 1985ರಲ್ಲಿ. ನಿಜವಾಗಿ ಹಳೆಯದಾದ ಚರ್ಚೊಂದು ಇದೇ ಜಾಗದಲ್ಲಿತ್ತು; ಇದಕ್ಕೆ ಎಡೆ ಮಾಡಿಕೊಡಲು ಅದು ಎದ್ದು ಹೋಯಿತು.

ಮಿಷನ್ ಶುರುವಾದದ್ದು 1797ರ ಜೂನ್ 11ರಂದು. ಕ್ಯಾಲಿಫೋರ್ನಿಯಾದ 21 ಮಿಷನ್‌ಗಳಲ್ಲಿ ಇದು 14ನೆಯದು. 1809ರಲ್ಲಿ ಹಸಿ ಇಟ್ಟಿಗೆಯ ದೊಡ್ಡ ಚರ್ಚು ಮುಗಿಯಿತು. ಮಣ್ಣು ಕಲಸಿದವರು, ಇಟ್ಟಿಗೆ ಹೊತ್ತವರು ಇಲ್ಲಿನ ಮೂಲನಿವಾಸಿ ಓಲೋನಿ ಜನ. ಹೊರಗಿನವರು ತಂದ ರೋಗಗಳಿಗೆ ಸಾವಿರಗಟ್ಟಲೆ ಬಲಿಯಾದವರೂ ಅವರೇ. ಅವರ ಸ್ಮಶಾನ ಹತ್ತಿರದಲ್ಲೇ ಇದೆ. ಮಿಷನ್ ನೋಡಲು ಬಂದವರಲ್ಲಿ ಅಲ್ಲಿಗೆ ಹೋಗುವವರು ಕಡಿಮೆ.

1868ರ ಅಕ್ಟೋಬರ್ 21ರ ಬೆಳಿಗ್ಗೆ ಹೇವರ್ಡ್ ಬಿರುಕು ಅಲುಗಿತು. ಇಂದಿನ ಯೂನಿಯನ್ ಸಿಟಿಯ ಗುಡ್ಡಗಳ ಬುಡದಲ್ಲೂ ಹಾಯುವ ಬಿರುಕು ಅದು. ಹಸಿ ಇಟ್ಟಿಗೆಯ ಗೋಡೆ ಭಾರ ಹೊರುತ್ತದೆ, ಆದರೆ ಪಕ್ಕಕ್ಕೆ ಜಗ್ಗಿದರೆ ತಾಳುವುದಿಲ್ಲ. ಚರ್ಚು ಕುಸಿಯಿತು. ಮರುವರ್ಷ ಅದೇ ಕೆಂಪು ಹಾಸಿನ ನೆಲದ ಮೇಲೆ ಊರವರು ಹೊಸದೊಂದನ್ನು ಎಬ್ಬಿಸಿದರು, ಈ ಸಲ ಮರದಲ್ಲಿ. ರೂಪವೂ ಸ್ಪೇನಿನದಲ್ಲ, ಗೋಥಿಕ್.

ಆ ರೂಪ ಇಲ್ಲಿಗೆ ಬಂದ ದಾರಿ ಉದ್ದದ್ದು. ಇಂಗ್ಲೆಂಡಿನ ಕೇಂಬ್ರಿಜ್ ಸೀಮೆಯ ಲಾಂಗ್‌ಸ್ಟಾಂಟನ್ ಎಂಬ ಹಳ್ಳಿಯಲ್ಲಿ 13ನೇ ಶತಮಾನದ ಪುಟ್ಟ ಚರ್ಚೊಂದಿದೆ, ಸೇಂಟ್ ಮೈಕೇಲ್. ಮಾಡಿಗೆ ಹುಲ್ಲು ಹೊದೆಸಿದೆ. ಗೋಪುರವಿಲ್ಲ, ಮುಂಗೋಡೆಯ ತುದಿಯಲ್ಲೇ ಎರಡು ಗಂಟೆಗಳಿಗೆ ಗೂಡು. 19ನೇ ಶತಮಾನದ ನಡುವೆ ಅಲ್ಲಿನ ಆಂಗ್ಲಿಕನ್ ವಿದ್ವಾಂಸರು, ಹಳ್ಳಿಯ ಚರ್ಚೆಂದರೆ ಹೀಗಿರಬೇಕು ಎಂದು ಅದರ ನಕ್ಷೆ ತೆಗೆಸಿ ಸಮುದ್ರದಾಚೆಗೂ ಕಳಿಸಿದರು. 1846ರಲ್ಲಿ ಶುರುವಾದ ಫಿಲಡೆಲ್ಫಿಯಾದ ಸೇಂಟ್ ಜೇಮ್ಸ್ ದ ಲೆಸ್ ಚರ್ಚು ಬಹುಪಾಲು ಅದರದೇ ಪಡಿಯಚ್ಚು.

ಕಲ್ಲುಕುಟಿಗರನ್ನು ಸಾಕುವಷ್ಟು ಹಣ ಎಲ್ಲ ಊರುಗಳಲ್ಲೂ ಇರಬೇಕಲ್ಲ? ಅದಕ್ಕೆ ಉಪಾಯ ಹೇಳಿದವರಲ್ಲಿ ಇಂಗ್ಲೆಂಡಿನಲ್ಲೇ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ರಿಚರ್ಡ್ ಅಪ್‌ಜಾನ್ ಒಬ್ಬ. ನ್ಯೂಯಾರ್ಕಿನ ಟ್ರಿನಿಟಿ ಚರ್ಚಿನ ವಾಸ್ತುಶಿಲ್ಪಿ. ಬಡ ಊರುಗಳ ಬಡಗಿಗಳಿಗೂ ಕೈಗೆಟುಕುವಂಥ ಮರದ ಚರ್ಚಿನ ನಕ್ಷೆಗಳನ್ನು 1852ರಲ್ಲಿ ಪುಸ್ತಕವಾಗಿ ಹೊರತಂದ. ಹಲಗೆಗಳನ್ನು ನೆಟ್ಟಗೆ ನಿಲ್ಲಿಸಿ, ಸಂದಿಗಳ ಮೇಲೆ ಪಟ್ಟಿ ಹೊಡೆದರೆ ಗೋಡೆ ಆಯಿತು. ಮಾಡು ಕಡಿದು, ಕಿಟಕಿಯ ಕಮಾನಿನ ತುದಿ ಚೂಪು. ಕಲ್ಲಿನಲ್ಲಿ ಆ ಚೂಪು ಕಮಾನು ಮೇಲಿನ ಭಾರವನ್ನು ಕೆಳಕ್ಕೆ ಇಳಿಸುವ ಜಾಣ್ಮೆ. ಮರದಲ್ಲಿ ಬರೀ ಅಲಂಕಾರ. ಜನ ಇದನ್ನು ಕಾರ್ಪೆಂಟರ್ ಗೋಥಿಕ್, ಬಡಗಿಗಳ ಗೋಥಿಕ್, ಎಂದೇ ಕರೆದರು. ಬೇಸಿಗೆಯಿಡೀ ಹನಿ ಮಳೆ ಬೀಳದ ಈ ಸೀಮೆಯಲ್ಲಿ ಅಷ್ಟು ಕಡಿದಾದ ಮಾಡೇಕೆ ಎಂದರೆ, ಚರ್ಚು ಎಂದರೆ ಕಣ್ಣಿಗೆ ಹಾಗೆ ರೂಢಿಯಾಗಿತ್ತು, ಅಷ್ಟೆ. ಆಂಗ್ಲಿಕನ್ನರು ಮತ್ತೆ ಚಾಲ್ತಿಗೆ ತಂದ ರೂಪವನ್ನು ಮಿಷನ್ನಿನ ಕ್ಯಾಥೊಲಿಕರು ಎತ್ತಿಕೊಂಡದ್ದು ತಮಾಷೆಯಾಗಿ ಕಾಣಬಹುದು. ಆದರೆ ಲಾಂಗ್‌ಸ್ಟಾಂಟನ್ನಿನ ಚರ್ಚು ಕಟ್ಟುವಾಗ ಇಂಗ್ಲೆಂಡೇ ಕ್ಯಾಥೊಲಿಕ್ ಆಗಿತ್ತು.

ಮಿಷನ್ನಿನ ಮರದ ಚರ್ಚು ಎದ್ದ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬೆಂಗಳೂರಿನ ದಂಡಿನ ಕಡೆಯಲ್ಲೂ ಇಂಗ್ಲೆಂಡಿನ ಹಳ್ಳಿ ಚರ್ಚಿನ ಮಾದರಿಯೊಂದು ಎದ್ದಿತ್ತು. ರಾಬರ್ಟ್ ಚಿಸಂ ರೂಪಿಸಿದ ಆಲ್ ಸೇಂಟ್ಸ್ ಚರ್ಚು ತೆರೆದದ್ದು 1870ರಲ್ಲಿ. ರಿಚ್‌ಮಂಡ್ ಟೌನ್ ಬದಿಯ ಮರಗಳ ನೆರಳಿನಲ್ಲಿ ಇಂದಿಗೂ ಇದ್ದಲ್ಲೇ ಇದೆ.

ಮಿಷನ್ ಸ್ಯಾನ್ ಹೋಸೆಯ ಮರದ ಚರ್ಚಿಗೆ ಆ ಭಾಗ್ಯ ಇರಲಿಲ್ಲ. 1906ರ ಭೂಕಂಪವನ್ನು ತಾಳಿಕೊಂಡಿತು. ಇತಿಹಾಸದ ಮೇಲಿನ ಅಕ್ಕರೆಯನ್ನು ತಾಳಲಾಗಲಿಲ್ಲ. ಸ್ಪ್ಯಾನಿಷ್ ಮಿಷನ್ ಸ್ಪ್ಯಾನಿಷ್ ಆಗಿಯೇ ಕಾಣಬೇಕೆಂಬ ಆಸೆ ಗೆದ್ದಿತು. 1982ರಲ್ಲಿ, 113 ವರ್ಷದ ಕಟ್ಟಡವನ್ನು ಕೊಲ್ಲಿಯಾಚೆಯ ಸ್ಯಾನ್ ಮಟೇಯೊಗೆ ಸಾಗಿಸಿ, 1809ರದರ ನಕಲನ್ನು ಹಸಿ ಇಟ್ಟಿಗೆಯಲ್ಲೇ ಕಟ್ಟತೊಡಗಿದರು. ಹೊಸದು ಅಂದವಾಗಿದೆ, ಸರಿ. ಆದರೂ ಅಸಲಿ ಹಳೆಯದನ್ನು ಮುಟ್ಟಿ ನೋಡಬೇಕೆನ್ನುವ ಅಜ್ಜ ಮೊಮ್ಮಕ್ಕಳು ಪಕ್ಕದ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಪಾದ್ರಿಗಳ ಬಿಡಾರದಲ್ಲಿ 1868ರ ಭೂಕಂಪಕ್ಕೆ ಬೀಳದೆ ಉಳಿದುಕೊಂಡ ಸಾಲು ಅದು. ಆ ಮಣ್ಣಿನ ಗೋಡೆ ಮಾತ್ರ ಆ ಕಾಲದ್ದೇ.

ಚರ್ಚಿನೊಳಗಿನ ನೆಲದಲ್ಲಿ ಒಬ್ಬ ಇಂಗ್ಲಿಷಿನವನೂ ಮಲಗಿದ್ದಾನೆ. ಎಸೆಕ್ಸ್‌ನಲ್ಲಿ ಹುಟ್ಟಿ, ಹಡಗಿನ ಆಳಾಗಿ ಕ್ಯಾಲಿಫೋರ್ನಿಯಾಕ್ಕೆ ಬಂದು, ದನಕರು ಸಾಕಿ ಬಾಳಿ 1858ರಲ್ಲಿ ತೀರಿಕೊಂಡ ರಾಬರ್ಟ್ ಲಿವರ್‌ಮೋರ್. ಯೂನಿಯನ್ ಸಿಟಿಯ ಕನ್ನಡಿಗರು ಶಿವ ವಿಷ್ಣು ದೇವಸ್ಥಾನಕ್ಕೆಂದು ಗುಡ್ಡ ದಾಟಿ ಹೋಗುವ ಊರು ಅವನ ಹೆಸರಿನದೇ. ಅವನನ್ನು ಹೂತಾಗ ಮೇಲೆ ಹಸಿ ಇಟ್ಟಿಗೆಯ ಚರ್ಚಿತ್ತು, ಆಮೇಲೆ ಅವನ ನಾಡಿನದೇ ಚಹರೆಯ ಮರದ ಚರ್ಚು ಬಂತು, ಈಗ ಮತ್ತೆ ಹಸಿ ಇಟ್ಟಿಗೆ.