ಮಧ್ಯ ಏಷ್ಯಾದಲ್ಲಿ ಪಶ್ಚಿಮದವರು: ನಂಬಿದ್ದು ಒಂದು, ನಡೆದದ್ದು ಇನ್ನೊಂದು

ತಾಷ್ಕೆಂಟ್ ಎಂದರೆ ನಮ್ಮ ಹಿರಿಯರಿಗೆ ನೆನಪಾಗುವುದು 1966ರ ಜನವರಿ. ಪಾಕಿಸ್ತಾನದ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ ರಾತ್ರಿಯೇ ಲಾಲ್ ಬಹಾದ್ದೂರ್ ಶಾಸ್ತ್ರಿ ಅಲ್ಲಿ ತೀರಿಕೊಂಡರು. ಈಗಿನವರಿಗೆ ಬಿಷ್ಕೆಕ್ ಹೆಚ್ಚು ಪರಿಚಿತ. ನೀಟ್‌ನಲ್ಲಿ ಸರ್ಕಾರಿ ಸೀಟು ಸಿಗದ, ಇಲ್ಲಿನ ಖಾಸಗಿ ಕಾಲೇಜಿನ ಫೀಸು ಕಟ್ಟಲಾಗದ ಮನೆಗಳ ಮಕ್ಕಳು ಎಂಬಿಬಿಎಸ್ ಓದಲು ಹೋಗುವ ಊರು ಅದು. ಇವೆರಡನ್ನು ಬಿಟ್ಟರೆ ಕಜಕಸ್ತಾನ, ಉಜ್ಬೇಕಿಸ್ತಾನ, ಕಿರ್ಗಿಸ್ತಾನ, ತಜಿಕಿಸ್ತಾನ, ತುರ್ಕಮೆನಿಸ್ತಾನ ಎಂಬ ಐದು ದೇಶಗಳು, ಅಲ್ಲಿನ ಸುಮಾರು 8 ಕೋಟಿ ಜನ ನಮ್ಮ ಟಿವಿ ಚರ್ಚೆಗಳಲ್ಲಿ ಕಾಣಿಸುವುದು ದೊಡ್ಡ ದೇಶಗಳು ಜಗ್ಗಾಡುವ ಖಾಲಿ ಜಾಗವಾಗಿ ಮಾತ್ರ.

2025ರಲ್ಲಿ ಈ ಹೆಸರುಗಳು ಮತ್ತೆ ಸುದ್ದಿಗೆ ಬಂದವು. ಏಪ್ರಿಲ್‌ನಲ್ಲಿ ಐರೋಪ್ಯ ಒಕ್ಕೂಟವು ಸಮರಕಂದದಲ್ಲಿ ಐದೂ ದೇಶಗಳ ಜೊತೆ ಮೊದಲ ಶೃಂಗಸಭೆ ನಡೆಸಿ, 1,200 ಕೋಟಿ ಯೂರೊಗಳ ಹೂಡಿಕೆ ಯೋಜನೆ ಘೋಷಿಸಿತು. ನವೆಂಬರ್ 6ರಂದು ಐದೂ ಅಧ್ಯಕ್ಷರು ಶ್ವೇತಭವನದಲ್ಲಿ ಟ್ರಂಪ್ ಎದುರು ಕೂತರು. ಆಮೇಲೆ ಬಂದ ವಿಶ್ಲೇಷಣೆಗಳಲ್ಲಿ ಹಳೆಯ ನಂಬಿಕೆಗಳೇ ಮತ್ತೆ ಮತ್ತೆ ತಿರುಗಿದವು. ಕೆಲವನ್ನು ಒಂದೊಂದಾಗಿ ನೋಡೋಣ.

"ಪಶ್ಚಿಮದವರು ಈಗಷ್ಟೇ ಬಂದಿದ್ದಾರೆ, ಅದೂ ಖನಿಜದ ಆಸೆಗೆ"

ಬಂದು ಮೂವತ್ತು ವರ್ಷ ದಾಟಿದೆ. ಮೊದಲು ಅವರನ್ನು ಕರೆತಂದದ್ದು ಆಸೆಯಲ್ಲ, ಹೆದರಿಕೆ.

ಸೋವಿಯತ್ ಒಕ್ಕೂಟ 1991ರಲ್ಲಿ ಒಡೆದಾಗ ಕಜಕಸ್ತಾನದ ನೆಲದಲ್ಲಿ ಸುಮಾರು 1,400 ಅಣು ಸಿಡಿತಲೆಗಳು ಉಳಿದುಕೊಂಡವು. ಅದರ ಸೆಮಿಪಲಾಟಿನ್ಸ್ಕ್ ಪರೀಕ್ಷಾ ಪ್ರದೇಶದಲ್ಲಿ 1949ರಿಂದ 1989ರವರೆಗೆ 456 ಅಣು ಸ್ಫೋಟಗಳು ನಡೆದಿದ್ದವು. ಸಿಡಿತಲೆಗಳ ಲೆಕ್ಕವಾದರೂ ಇತ್ತು. ಆದರೆ ದೇಶದ ಪೂರ್ವಕ್ಕಿರುವ ಉಸ್ತ್-ಕಮೆನೊಗೊರ್ಸ್ಕ್ ಊರಿನ ಉಲ್ಬಾ ಕಾರ್ಖಾನೆಯಲ್ಲಿ ಯಾರೂ ಕೇಳದ ಒಂದು ಸರಕು ಬಿದ್ದಿತ್ತು. ಸೋವಿಯತ್ ಜಲಾಂತರ್ಗಾಮಿಗಳ ಇಂಧನಕ್ಕೆಂದು ತಂದಿಟ್ಟಿದ್ದ, ಬಾಂಬಿಗೆ ಒದಗುವಷ್ಟು ಸಂವರ್ಧಿಸಿದ ಯುರೇನಿಯಂ ಅದು. 1993ರಲ್ಲಿ ಅಮೆರಿಕದ ರಾಯಭಾರ ಕಚೇರಿಯ ಅಧಿಕಾರಿಯೊಬ್ಬರ ಕೈಗೆ ಕಾರ್ಖಾನೆಯ ಕಡೆಯಿಂದ ಒಂದು ಚೀಟಿ ಬಂತು. ಅದರಲ್ಲಿ ಇದ್ದದ್ದು ಇಷ್ಟೇ: ಯುರೇನಿಯಂ 235, ಶೇಕಡ 90, 600 ಕಿಲೊ. ಹೋಗಿ ನೋಡಿದರೆ ಅದನ್ನಿಟ್ಟ ಉಗ್ರಾಣಕ್ಕೆ ಇದ್ದದ್ದು ಸಾಧಾರಣ ಬೀಗ. ಎರಡು ಡಜನ್ ಬಾಂಬುಗಳಿಗೆ ಸಾಕಾಗುವ ಸರಕು!

1994ರ ಅಕ್ಟೋಬರ್‌ನಲ್ಲಿ ಅಮೆರಿಕದ ತಂಡವೊಂದು ಗುಟ್ಟಾಗಿ ಬಂದು, ಕಜಕ್ ಸರ್ಕಾರದ ಒಪ್ಪಿಗೆಯಿಂದಲೇ, ಸುಮಾರು ಆರು ವಾರ ಕೂತು ಅದನ್ನೆಲ್ಲ ಡಬ್ಬಿಗಳಿಗೆ ತುಂಬಿತು. ಸಿ-5 ಸರಕು ವಿಮಾನಗಳು ಅದನ್ನು ಅಮೆರಿಕಕ್ಕೆ ಒಯ್ದವು, ಕೊನೆಗೆ ಅದು ಟೆನೆಸಿ ರಾಜ್ಯದ ಓಕ್ ರಿಡ್ಜ್ ಸೇರಿತು. ಸಿಡಿತಲೆಗಳು 1995ರ ವೇಳೆಗೆ ರಷ್ಯಾಕ್ಕೆ ವಾಪಸಾದವು. ಡೆಗೆಲೆನ್ ಬೆಟ್ಟದ ಪರೀಕ್ಷಾ ಸುರಂಗಗಳದ್ದು ಬೇರೆಯೇ ಕಥೆ. ಬಡತನದ ಆ ವರ್ಷಗಳಲ್ಲಿ ಜನ ತಾಮ್ರದ ತಂತಿ ಕಿತ್ತು ಗುಜರಿಗೆ ಮಾರಲು ಅದೇ ಸುರಂಗಗಳಿಗೆ ನುಗ್ಗುತ್ತಿದ್ದರು. ಒಳಗೆ ಪ್ಲುಟೋನಿಯಂ ಉಳಿದಿತ್ತು. ಅಮೆರಿಕ, ರಷ್ಯಾ, ಕಜಕಸ್ತಾನ ಮೂವರೂ ಸೇರಿ ಆ ಸುರಂಗಗಳನ್ನು ಕಾಂಕ್ರೀಟಿನಿಂದ ಮುಚ್ಚಿದ ಕೆಲಸ 2012ರವರೆಗೂ ನಡೆಯಿತು. ಅಮೆರಿಕ ಮತ್ತು ರಷ್ಯಾ ಒಂದೇ ಗುಡ್ಡದಲ್ಲಿ ಜೊತೆಯಾಗಿ ದುಡಿದ ಈ ಸಂಗತಿ ಇವತ್ತಿನ ಚರ್ಚೆಗಳಲ್ಲಿ ಬರುವುದೇ ಇಲ್ಲ. ಬಂದರೆ ಚರ್ಚೆಯ ಬಿಸಿ ಆರಿಹೋಗುತ್ತದೆ, ಅದಕ್ಕಿರಬಹುದು.

"ಅಮೆರಿಕಕ್ಕೆ ಅಲ್ಲಿ ಬೇಕಿರುವುದು ಸೇನಾ ನೆಲೆ, ಆ ಸಣ್ಣ ದೇಶಗಳು ಬರೀ ದಾಳ"

ನೆಲೆಗಳು ಇದ್ದವು. 2001ರಲ್ಲಿ ಅಫ್ಘಾನಿಸ್ತಾನದ ಯುದ್ಧ ಶುರುವಾದಾಗ ಉಜ್ಬೇಕಿಸ್ತಾನದ ಕರ್ಶಿ-ಖಾನಾಬಾದ್‌ನಲ್ಲಿ ಒಂದು, ಕಿರ್ಗಿಸ್ತಾನದ ಮನಾಸ್ ವಿಮಾನ ನಿಲ್ದಾಣದಲ್ಲಿ ಇನ್ನೊಂದು. ಈಗ ಎರಡೂ ಇಲ್ಲ. ಎರಡನ್ನೂ ಮುಚ್ಚಿಸಿದ್ದು ಆ ದೇಶಗಳೇ.

ಮನಾಸ್‌ನ ಕಥೆ ಬಿಡಿಸಿ ಹೇಳುವಂಥದ್ದು. 2009ರ ಫೆಬ್ರುವರಿಯಲ್ಲಿ ಅಧ್ಯಕ್ಷ ಕುರ್ಮಾನ್‌ಬೆಕ್ ಬಕಿಯೆವ್ ಮಾಸ್ಕೋಗೆ ಹೋದರು. ರಷ್ಯಾ 200 ಕೋಟಿ ಡಾಲರ್‌ಗೂ ಮೀರಿದ ಸಾಲ ಮತ್ತು ನೆರವಿನ ಮಾತು ಕೊಟ್ಟಿತು. ಅಲ್ಲಿಂದಲೇ ಬಕಿಯೆವ್, ಅಮೆರಿಕದ ನೆಲೆ ಮುಚ್ಚುತ್ತೇವೆ ಎಂದು ಘೋಷಿಸಿದರು. ಮೊದಲ ಕಂತು ಕೈಸೇರಿತು. ಬೇಸಿಗೆಯ ಹೊತ್ತಿಗೆ ಅಮೆರಿಕ ವರ್ಷದ ಬಾಡಿಗೆಯನ್ನು ಸುಮಾರು 1.74 ಕೋಟಿ ಡಾಲರ್‌ನಿಂದ 6 ಕೋಟಿ ಡಾಲರ್‌ಗೆ ಏರಿಸಲು ಒಪ್ಪಿತು. ಬೋರ್ಡು ಬದಲಾಯಿತು: 'ವಾಯುನೆಲೆ' ಹೋಗಿ 'ಸಾಗಣೆ ಕೇಂದ್ರ' ಬಂತು. ವಿಮಾನಗಳು ಹಾರುತ್ತಲೇ ಇದ್ದವು. ಬಿಷ್ಕೆಕ್‌ನ ಇನ್ನೊಂದು ಬದಿಯ ಕಾಂತ್‌ನಲ್ಲಿ ರಷ್ಯಾದ ವಾಯುನೆಲೆ 2003ರಿಂದಲೂ ಇತ್ತು, ಅದೂ ಹಾಗೇ ಮುಂದುವರಿಯಿತು. ಒಂದೇ ರಾಜಧಾನಿಯ ಎರಡು ದಿಕ್ಕಿಗೆ ಇಬ್ಬರು ಬದ್ಧ ವೈರಿಗಳನ್ನು ಬಾಡಿಗೆಗೆ ಇಟ್ಟುಕೊಂಡವರನ್ನು ದಾಳ ಎನ್ನಲು ನನಗಂತೂ ಬಾಯಿ ಬರುವುದಿಲ್ಲ. ಆದರೆ ಬಾಡಿಗೆಯ ಲಾಭ ಜನರಿಗೆ ತಲುಪಿತೇ ಎಂದರೆ ಅದು ಬೇರೆ ಪ್ರಶ್ನೆ. ನೆಲೆಗೆ ಇಂಧನ ಪೂರೈಸುವ ಗುತ್ತಿಗೆಯಲ್ಲಿ ಆಳುವವರ ಮನೆಯವರೇ ಹಣ ಮಾಡಿಕೊಂಡರೆಂಬ ಸಿಟ್ಟು ಬೀದಿಯಲ್ಲಿತ್ತು. 2010ರಲ್ಲಿ ಬಕಿಯೆವ್ ಅಧಿಕಾರ ಕಳೆದುಕೊಂಡು ದೇಶ ಬಿಟ್ಟು ಓಡಿದರು. ನೆಲೆ 2014ರ ಜೂನ್‌ನಲ್ಲಿ ಮುಚ್ಚಿತು.

ಈ ಚೌಕಾಸಿ ಇಂದಿಗೂ ನಿಂತಿಲ್ಲ. 2025ರ ನವೆಂಬರ್‌ನಲ್ಲಿ ಕಜಕಸ್ತಾನ 'ಅಬ್ರಹಾಂ ಒಪ್ಪಂದ'ಕ್ಕೆ ಸೇರುವುದಾಗಿ ಹೇಳಿ ಟ್ರಂಪ್ ಅವರನ್ನು ಖುಷಿಪಡಿಸಿತು. ಇಸ್ರೇಲ್ ಜೊತೆ ಮುಸ್ಲಿಂ ದೇಶಗಳ ಸಂಬಂಧ ಕುದುರಿಸುವ ಒಪ್ಪಂದ ಅದು. ಕಜಕಸ್ತಾನಕ್ಕೆ ಇಸ್ರೇಲ್ ಜೊತೆ ರಾಜತಾಂತ್ರಿಕ ಸಂಬಂಧ ಇದ್ದದ್ದು 1992ರಿಂದ. ಖರ್ಚಿಲ್ಲದ ಉಡುಗೊರೆ ಎಂದರೆ ಇದೇ.

"ಮಾನವ ಹಕ್ಕಿನ ಮಾತೆಲ್ಲ ಬೂಟಾಟಿಕೆ"

ಇದನ್ನು ಪೂರ್ತಿ ಸುಳ್ಳು ಎನ್ನಲಾರೆ, ಪೂರ್ತಿ ನಿಜ ಎನ್ನಲೂ ಆಗುವುದಿಲ್ಲ.

2005ರ ಮೇ 13ರಂದು ಉಜ್ಬೇಕಿಸ್ತಾನದ ಅಂದಿಜಾನ್‌ನಲ್ಲಿ, ಅಂದರೆ ಬಾಬರ್ ಹುಟ್ಟಿದ ಊರಿನಲ್ಲಿ, ಸೈನಿಕರು ಜನರ ಗುಂಪಿನ ಮೇಲೆ ಗುಂಡು ಹಾರಿಸಿದರು. ಸತ್ತವರು 187 ಎಂದಿತು ಸರ್ಕಾರ. ಅದಕ್ಕಿಂತ ಎಷ್ಟೋ ಹೆಚ್ಚು ಎಂದರು ಬದುಕಿ ಬಂದವರು. ಅಮೆರಿಕ ತನಿಖೆ ಕೇಳಿತು, ಓಡಿಹೋದ ನಿರಾಶ್ರಿತರನ್ನು ಬೇರೆ ದೇಶಕ್ಕೆ ಕಳಿಸಲು ನೆರವಾಯಿತು. ಜುಲೈನಲ್ಲಿ ಉಜ್ಬೇಕ್ ಸರ್ಕಾರ ನೆಲೆ ತೆರವಿಗೆ 180 ದಿನಗಳ ನೋಟಿಸು ಕೊಟ್ಟಿತು. ನವೆಂಬರ್‌ಗೆ ಕರ್ಶಿ-ಖಾನಾಬಾದ್ ಖಾಲಿ. ಯುದ್ಧದ ನಡುವೆ ನೆಲೆ ಕಳೆದುಕೊಂಡದ್ದು ಸಣ್ಣ ಬೆಲೆಯಲ್ಲ.

ಯುರೋಪಿನ ಕಡೆ ನೋಡಿದರೆ ಬೂಟಾಟಿಕೆ ಎನ್ನುವವರ ಮಾತಿಗೆ ತೂಕ ಬರುತ್ತದೆ. ಐರೋಪ್ಯ ಒಕ್ಕೂಟ ಶಸ್ತ್ರಾಸ್ತ್ರ ಮಾರಾಟ ನಿಷೇಧಿಸಿತು, ಉಜ್ಬೇಕ್ ಅಧಿಕಾರಿಗಳಿಗೆ ವೀಸಾ ಕೊಡುವುದಿಲ್ಲ ಎಂದಿತು. ಆ ಪಟ್ಟಿಯಲ್ಲಿದ್ದ ಗೃಹಮಂತ್ರಿ ಆಗ ಚಿಕಿತ್ಸೆ ಪಡೆಯುತ್ತಿದ್ದದ್ದು ಜರ್ಮನಿಯ ಆಸ್ಪತ್ರೆಯಲ್ಲಿ! ಉಜ್ಬೇಕಿಸ್ತಾನದ ಗಡಿಯೂರು ತೆರ್ಮೆಜ್‌ನಲ್ಲಿ ಜರ್ಮನಿಯ ಸೇನಾ ನೆಲೆ 2015ರವರೆಗೂ ಉಳಿಯಿತು. ನಿರ್ಬಂಧಗಳು 2009ಕ್ಕೇ ಮುಗಿದುಹೋದವು.

ಇಷ್ಟಾದರೂ ಒತ್ತಡ ಫಲ ಕೊಟ್ಟ ಒಂದು ಜಾಗ ಇದೆ: ಹತ್ತಿ ಹೊಲ. ಸುಗ್ಗಿ ಬಂದರೆ ಉಜ್ಬೇಕಿಸ್ತಾನದಲ್ಲಿ ಶಾಲೆಯ ಮಕ್ಕಳು, ಮೇಷ್ಟ್ರು, ನರ್ಸುಗಳನ್ನೆಲ್ಲ ಬಸ್ಸಿಗೆ ಹತ್ತಿಸಿ ಹೊಲಕ್ಕೆ ಅಟ್ಟುತ್ತಿದ್ದರು. ದಿನಕ್ಕೆ ಇಷ್ಟು ಕಿಲೊ ಬಿಡಿಸಲೇಬೇಕು ಎಂಬ ಕಟ್ಟಳೆ. ಇದನ್ನು ಬಯಲಿಗೆ ತಂದವರು ಅಲ್ಲಿನದೇ ಹೋರಾಟಗಾರರು. ಪೊಲೀಸರ ಕಾಟ ತಿಂದದ್ದೂ ಅವರೇ. ಅವರ ವರದಿಗಳನ್ನು ಹಿಡಿದು ಪಶ್ಚಿಮದ 300ಕ್ಕೂ ಹೆಚ್ಚು ಬಟ್ಟೆ ಬ್ರ್ಯಾಂಡುಗಳು ಉಜ್ಬೇಕ್ ಹತ್ತಿ ಬಳಸುವುದಿಲ್ಲವೆಂದು ಸಹಿ ಹಾಕಿದವು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹೊಲಗಳಿಗೇ ಹೋಗಿ ನಿಗಾ ಇಟ್ಟಿತು. 2016ರಲ್ಲಿ ಅಧಿಕಾರಕ್ಕೆ ಬಂದ ಮಿರ್ಜಿಯೊಯೆವ್‌ಗೆ ಜವಳಿ ರಫ್ತು ಬೇಕಿತ್ತು. ಸರ್ಕಾರವೇ ನಿಂತು ಮಾಡಿಸುತ್ತಿದ್ದ ಬಿಟ್ಟಿ ದುಡಿಮೆ 2021ರ ಸುಗ್ಗಿಗೆ ನಿಂತಿತು, ಮರುವರ್ಷ ಮಾರ್ಚ್‌ನಲ್ಲಿ ಬಹಿಷ್ಕಾರವೂ ತೆರವಾಯಿತು. ರಾಯಭಾರಿಗಳ ಹೇಳಿಕೆಗಳಿಂದ ಆಗದ್ದು ಖರೀದಿದಾರರ ಪಟ್ಟಿಯಿಂದ ಆಯಿತು.

ಅದೇ 2022ರ ಜುಲೈನಲ್ಲಿ ಉಜ್ಬೇಕಿಸ್ತಾನದ್ದೇ ಭಾಗವಾದ ಕರಕಲ್‌ಪಕಸ್ತಾನದ ಪ್ರತಿಭಟನೆಯಲ್ಲಿ ಜನ ಸತ್ತಾಗ ಪಶ್ಚಿಮದ ದನಿ ತೀರಾ ಮೆತ್ತಗಿತ್ತು. ಉಕ್ರೇನ್ ಯುದ್ಧ ಶುರುವಾಗಿತ್ತು, ಮಧ್ಯ ಏಷ್ಯಾದ ಸ್ನೇಹ ಎಲ್ಲರಿಗೂ ಬೇಕಿತ್ತು.

"ಎಣ್ಣೆ ಪಶ್ಚಿಮದವರ ಕೈಯಲ್ಲಿದೆ"

ಕಜಕಸ್ತಾನದ ತೆಂಗಿಜ್ ಎಣ್ಣೆ ಕ್ಷೇತ್ರದಲ್ಲಿ ಅಮೆರಿಕದ ಶೆವ್ರಾನ್ 1993ರಿಂದ ಇದೆ, ಅರ್ಧ ಪಾಲು ಅದರದೇ. ಬಾವಿ ಅವರದಾದರೂ ಕೊಳವೆ ಸಾಗುವ ನೆಲ ಬೇರೆಯವರದು. ಕಜಕಸ್ತಾನ ರಫ್ತು ಮಾಡುವ ಎಣ್ಣೆಯಲ್ಲಿ ಸುಮಾರು ಶೇ 80ರಷ್ಟು ಹೋಗುವುದು 1,500 ಕಿಲೊಮೀಟರ್ ಉದ್ದದ ಕ್ಯಾಸ್ಪಿಯನ್ ಕೊಳವೆಯಲ್ಲಿ. ಅದು ಮುಗಿಯುವುದು ಕಪ್ಪು ಸಮುದ್ರದ ನೊವೊರೊಸ್ಸಿಸ್ಕ್‌ನಲ್ಲಿ, ಅಂದರೆ ರಷ್ಯಾದಲ್ಲಿ. 2022ರ ಜುಲೈ ಆರಂಭದಲ್ಲಿ ಅಧ್ಯಕ್ಷ ತೊಕಾಯೆವ್ ಯುರೋಪಿನ ಇಂಧನ ಕೊರತೆಗೆ ನೆರವಾಗಲು ಸಿದ್ಧ ಎಂದರು. ಮರುದಿನವೇ ರಷ್ಯಾದ ನ್ಯಾಯಾಲಯವೊಂದು ಪರಿಸರ ನಿಯಮದ ನೆಪದಲ್ಲಿ ಕೊಳವೆಯನ್ನು 30 ದಿನ ಮುಚ್ಚಲು ಆದೇಶಿಸಿತು. ವಾರದೊಳಗೆ ಅದು 2 ಲಕ್ಷ ರೂಬಲ್‌ಗಳ ದಂಡಕ್ಕೆ ಇಳಿಯಿತು. ಯಾರಿಗೆ ಯಾವ ಸಂದೇಶ ತಲುಪಬೇಕಿತ್ತೋ ಅದು ತಲುಪಿತ್ತು. ಇನ್ನೊಂದು ವಿಚಿತ್ರ: 2025ರಲ್ಲಿ ಇದೇ ಕೊಳವೆಯ ಪಂಪ್ ಸ್ಟೇಷನ್‌ಗೂ ಬಂದರಿನ ಹಡಗುಕಟ್ಟೆಗೂ ಉಕ್ರೇನಿನ ಡ್ರೋನ್‌ಗಳು ಬಡಿದಾಗ ಅಮೆರಿಕದ ಕಂಪನಿಗಳಿಗೂ ಪೆಟ್ಟಾಯಿತು.

ರಷ್ಯಾ ಅಲ್ಲಿ ಮುಗಿದ ಅಧ್ಯಾಯ ಎನ್ನುವವರೂ ಇದನ್ನೇ ನೆನಪಿಡಬೇಕು. ಹೊರಗೆ ದುಡಿಯಲು ಹೋದವರು, ಮುಖ್ಯವಾಗಿ ರಷ್ಯಾದಿಂದ, ತಜಿಕಿಸ್ತಾನಕ್ಕೆ ಕಳಿಸುವ ಹಣ ಕೆಲವು ವರ್ಷ ದೇಶದ ಒಟ್ಟು ಆದಾಯದ ಅರ್ಧದ ಹತ್ತಿರಕ್ಕೆ ಹೋಗಿದೆ. ಹಾಗಂತ ಐವರೂ ರಷ್ಯಾದ ಮಾತಿಗೆ ತಲೆಯಾಡಿಸುವವರಲ್ಲ. 2022ರ ಜನವರಿಯಲ್ಲಿ ಗಲಭೆ ಅಡಗಿಸಲು ರಷ್ಯಾ ನೇತೃತ್ವದ ಪಡೆಯನ್ನು ಕರೆಸಿಕೊಂಡ ತೊಕಾಯೆವ್, ಜೂನ್‌ನಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ವೇದಿಕೆಯಲ್ಲಿ ಪುಟಿನ್ ಪಕ್ಕದಲ್ಲೇ ಕೂತು, ಉಕ್ರೇನಿನ ದೊನೆತ್ಸ್ಕ್ ಮತ್ತು ಲುಹಾನ್ಸ್ಕ್‌ಗಳನ್ನು ದೇಶಗಳೆಂದು ಒಪ್ಪುವುದಿಲ್ಲ ಎಂದರು.

"ಇನ್ನು ಅಪರೂಪದ ಖನಿಜಗಳೇ ಎಲ್ಲವನ್ನೂ ಬದಲಿಸುತ್ತವೆ"

ಜಗತ್ತಿನ ಯುರೇನಿಯಂನಲ್ಲಿ ಹೆಚ್ಚುಕಡಿಮೆ ಶೇ 40 ಅಗೆಯುವುದು ಕಜಕಸ್ತಾನ. ಅದು ಹೊಸ ಸುದ್ದಿಯಲ್ಲ. ಹೊಸದಾಗಿ ಕೇಳುವ ಟಂಗ್‌ಸ್ಟನ್, ವಿರಳ ಭಸ್ಮ ಲೋಹಗಳ ವಿಷಯದಲ್ಲಿ ಸಹಿ ಬಿದ್ದ ಕಾಗದಕ್ಕೂ ಗಣಿಯಿಂದ ಹೊರಬೀಳುವ ಅದಿರಿಗೂ ನಡುವೆ ವರ್ಷಗಟ್ಟಲೆ ಕೆಲಸ ಇದೆ. ಶುದ್ಧೀಕರಣದ ಕಾರ್ಖಾನೆಗಳು ಬಹುಪಾಲು ಇರುವುದು ಚೀನಾದಲ್ಲಿ.

ಅಮೆರಿಕದ ಗಂಭೀರತೆ ಅಳೆಯಲು ನಾನು ನೋಡುವುದು ಗಣಿ ಒಪ್ಪಂದವನ್ನಲ್ಲ, ಒಂದು ಹಳೆಯ ಕಾನೂನನ್ನು. ಸೋವಿಯತ್ ಯಹೂದಿಗಳಿಗೆ ದೇಶ ಬಿಡಲು ಅವಕಾಶ ಕೊಡಲೆಂದು 1974ರಲ್ಲಿ ತಂದ ಜಾಕ್ಸನ್-ವಾನಿಕ್ ತಿದ್ದುಪಡಿ, ಪೂರ್ಣ ವ್ಯಾಪಾರ ಸಂಬಂಧಕ್ಕೆ ಅಡ್ಡಲಾಗಿ ನಿಂತಿದೆ. ಸೋವಿಯತ್ ಒಕ್ಕೂಟವೇ ಹೋಯಿತು. ರಷ್ಯಾಕ್ಕೆ 2012ರಲ್ಲೇ ವಿನಾಯಿತಿ ಸಿಕ್ಕಿತು, ಐವರಲ್ಲಿ ಕಿರ್ಗಿಸ್ತಾನಕ್ಕೆ 2000ದಲ್ಲಿ. ಉಳಿದ ನಾಲ್ಕರ ಮೇಲೆ ಅದು 2025ರ ಶ್ವೇತಭವನದ ಭೋಜನದ ದಿನವೂ ತೂಗುತ್ತಿತ್ತು. ಆ ವರ್ಷದ ಜುಲೈನಲ್ಲೇ ಯುಎಸ್‌ಏಡ್ ಬಾಗಿಲು ಮುಚ್ಚಿತ್ತು. ಔಷಧಕ್ಕೆ ಬಗ್ಗದ ಕ್ಷಯ ಹೆಚ್ಚಿರುವ ಈ ನಾಡುಗಳಲ್ಲಿ ಅದರ ಆರೋಗ್ಯ ಯೋಜನೆಗಳಿದ್ದವು.

ಪಶ್ಚಿಮದ ಆದ್ಯತೆಗಳನ್ನು ಸಾಲಾಗಿ ಇಟ್ಟರೆ ಬಾಂಬು, ಎಣ್ಣೆ, ಅಫ್ಘಾನಿಸ್ತಾನ, ಖನಿಜ ಎಂದು ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಬದಲಾಗಿವೆ. ಆ ಐದು ದೇಶಗಳದು ಮಾತ್ರ ಮೊದಲಿನಿಂದ ಒಂದೇ ಬೇಡಿಕೆ: ಸಮುದ್ರಕ್ಕೆ ಇನ್ನೊಂದು ದಾರಿ. ಉಜ್ಬೇಕಿಸ್ತಾನದಿಂದ ಕಡಲು ಸೇರಲು ಯಾವ ದಿಕ್ಕಿಗೆ ಹೊರಟರೂ ಕನಿಷ್ಠ ಎರಡು ದೇಶ ದಾಟಬೇಕು.

"ಇದರಲ್ಲಿ ನಮಗೇನು?"

ಆ ದಾರಿಯ ವಿಷಯದಲ್ಲೇ ಭಾರತ ಬರುತ್ತದೆ. ಪಾಕಿಸ್ತಾನದ ನೆಲದ ಮೇಲೆ ನಮ್ಮ ಲಾರಿ ಹೋಗುವಂತಿಲ್ಲ. ತುರ್ಕಮೆನಿಸ್ತಾನದ ಅನಿಲವನ್ನು ಅಫ್ಘಾನಿಸ್ತಾನ, ಪಾಕಿಸ್ತಾನದ ಮೂಲಕ ನಮ್ಮ ಗಡಿಗೆ ತರುವ 1,814 ಕಿಲೊಮೀಟರ್ ಉದ್ದದ ತಾಪಿ ಕೊಳವೆಗೆ ಅಮೆರಿಕದ ಬೆಂಬಲ ಬಹಳ ಕಾಲ ಇತ್ತು. 2015ರಲ್ಲಿ ಕೆಲಸಕ್ಕೆ ಚಾಲನೆಯೂ ಸಿಕ್ಕಿತು, ಅನಿಲ ಮಾತ್ರ ಬರಲಿಲ್ಲ. ಉಳಿದದ್ದು ಇರಾನಿನ ಚಾಬಹಾರ್ ಬಂದರು. ಅಫ್ಘಾನಿಸ್ತಾನದ ಪುನರ್ನಿರ್ಮಾಣಕ್ಕೆ ಬೇಕೆಂದು ಅಮೆರಿಕ 2018ರಲ್ಲಿ ಅದಕ್ಕೆ ನಿರ್ಬಂಧಗಳಿಂದ ವಿನಾಯಿತಿ ಕೊಟ್ಟಿತ್ತು. ಭಾರತ 2024ರ ಮೇನಲ್ಲಿ ಹತ್ತು ವರ್ಷಗಳ ಒಪ್ಪಂದ ಮಾಡಿಕೊಂಡಿತು. ಮಧ್ಯ ಏಷ್ಯಾದ ಸರಕು ದಕ್ಷಿಣಕ್ಕೆ ಇಳಿಯಲು ಸಿದ್ಧವಾಗುತ್ತಿದ್ದ ಅದೇ ಬಂದರಿನ ವಿನಾಯಿತಿಯನ್ನು ಅಮೆರಿಕ 2025ರ ಸೆಪ್ಟೆಂಬರ್ ಕೊನೆಗೆ ರದ್ದು ಮಾಡಿತು. ದೆಹಲಿ ಕೇಳಿಕೊಂಡ ಮೇಲೆ ಅಕ್ಟೋಬರ್‌ನಲ್ಲಿ ಸಿಕ್ಕಿದ್ದು ಆರು ತಿಂಗಳ ವಿನಾಯಿತಿ. ಅದರ ಮರುವಾರವೇ ಐದು ಅಧ್ಯಕ್ಷರು ವಾಷಿಂಗ್ಟನ್‌ನಲ್ಲಿ ಇಳಿದರು.